ರೋಗಿಯ ಬಯಕೆಯೂ ವೈದ್ಯನ ವಚನವೂ

(ಶ್ರೀಮಠದ ಮಹೋತ್ಸವದ ವೈದ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



 

ಈ ಗೋಷ್ಠಿಯಲ್ಲಿ ಸೂಜಿ ಚಿಕಿತ್ಸೆಯ, ಎಂದರೆ ಈಗ ಎಲ್ಲರೂ ಅಕ್ಯುಪಂಕ್ಚರ್ ಎಂದು ಕರೆಯುವ ಪದ್ಧತಿಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿರುವುದು. ನಾನು ಪಾಠಶಾಲೆಯಲ್ಲಿ ಓದಿದವನೇ ಹೊರತು ಸೂಜಿಯನ್ನು ಹಿಡಿದವನಲ್ಲ. ಯಾವ ಸ್ಥಾನದಲ್ಲಿ ಚುಚ್ಚಬೇಕು, ಎಷ್ಟು ಹೊತ್ತು ಇರಿಸಬೇಕು ಎಂಬುದನ್ನು ಹೇಳತಕ್ಕವರು ಇಲ್ಲಿ ನೆರೆದಿರುವ ವೈದ್ಯರು. ಆದರೆ ಗುಣವಾಗುವುದೆಂದು ನಂಬಿ ಬಂದ ರೋಗಿಗೆ ಗುಣವಾಗದೆ ಹೋದಲ್ಲಿ ವೈದ್ಯನು ಏನು ಮಾಡತಕ್ಕದ್ದು, ರೋಗಿಯು ಏನು ಮಾಡತಕ್ಕದ್ದು ಎಂಬುದು ಧರ್ಮವಿಚಾರ. ಅದನ್ನು ನಮ್ಮ ಪೂರ್ವಿಕರು ಬಹಳ ಹಿಂದೆಯೇ ಚರ್ಚಿಸಿದ್ದಾರೆ. ಆದುದರಿಂದ ಆ ಒಂದು ಅಂಶವನ್ನೇ ತಮ್ಮ ಮುಂದೆ ಅರಿಕೆಮಾಡಿಕೊಳ್ಳುತ್ತೇನೆ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ನಾವೆಲ್ಲರೂ ಸಂತೋಷದ ಸಂದರ್ಭದಲ್ಲಿ ಆಡುವೆವು. ಬಯಕೆಯೂ ಪಥ್ಯವೂ ಒಂದೇ ಆದರೆ ಅದು ಭಾಗ್ಯವೇ ಸರಿ. ಆದರೆ ರೋಗಿಯು ಬಯಸಿದನೆಂಬ ಒಂದೇ ಕಾರಣದಿಂದ ವೈದ್ಯನು ಹಾಲು ಅನ್ನವೆಂದು ಹೇಳಿದರೆ ಆ ಗಾದೆಯು ಅನರ್ಥಕ್ಕೆ ಮೂಲವಾಗುವುದು. ರೋಗಿಯು ಬಯಸುವುದು ಒಂದೇ ಮಾತು: "ಸ್ವಾಮೀ, ಇದು ಪೂರ್ತಿ ವಾಸಿಯಾಗುತ್ತದೆಯೇ?" ಈ ಪ್ರಶ್ನೆಗೆ ಹೌದೆನ್ನುವುದು ಬಹಳ ಸುಲಭ, ಕೇಳಿದವರ ಮುಖವು ಅರಳುವುದು, ವೈದ್ಯನ ಮನೆಯ ಮುಂದೆ ಜನವೂ ಕೂಡುವುದು. ಆದರೆ ಆ ಹೌದೆಂಬುದು ವೈದ್ಯನು ಮಾಡಿದ ಸಾಲ. ಅದನ್ನು ತೀರಿಸಲಾರದೆ ಹೋದ ದಿವಸ ಬಡ್ಡಿಸಮೇತವಾಗಿ ತೆರತಕ್ಕವನು ರೋಗಿ.

ಈ ಪದ್ಧತಿಯು ನಮ್ಮಲ್ಲಿಗೆ ಬಂದ ಬಗೆಯನ್ನು ಎರಡು ಮಾತುಗಳಲ್ಲಿ ಹೇಳಿ ಮುಂದುವರಿಯುವೆನು. ಚೀನಾ ದೇಶದಲ್ಲಿ ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಬಳಕೆಯಲ್ಲಿರುವ ಚಿಕಿತ್ಸೆ ಇದು. 1938ರಲ್ಲಿ ಯುದ್ಧಪೀಡಿತವಾದ ಆ ದೇಶಕ್ಕೆ ಭಾರತದ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲಿ ಒಬ್ಬರು ಸೊಲ್ಲಾಪುರದವರಾದ ದ್ವಾರಕಾನಾಥ ಕೋಟ್ನೀಸರು. ಶಿವಯೋಗಿ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದ ಸೊನ್ನಲಿಗೆಯೇ ಆ ಊರು ಎಂಬುದು ನಮಗೆಲ್ಲ ತಿಳಿದಿದೆ. ಕೋಟ್ನೀಸರು 1942ರಲ್ಲಿ ಚೀನಾದಲ್ಲಿಯೇ ದೇಹವನ್ನು ಬಿಟ್ಟರು. ಅವರ ಸಂಗಡ ಹೋಗಿದ್ದ ವಂಗದೇಶದ ಬಿಜಯಕುಮಾರ ಬಸುಗಳು ಮುಂದೆ ಮತ್ತೊಮ್ಮೆ ಅಲ್ಲಿಗೆ ಹೋಗಿ ಸೂಜಿಯ ವಿದ್ಯೆಯನ್ನು ಕಲಿತು ಬಂದು, 1959ರಲ್ಲಿ ಕಲ್ಕತ್ತೆಯಲ್ಲಿ ಚಿಕಿತ್ಸೆಯನ್ನು ಪ್ರಾರಂಭಿಸಿದರು. ಭಾರತ ಸರ್ಕಾರವು 2003ರಲ್ಲಿ ಇದನ್ನು ಒಂದು ಚಿಕಿತ್ಸಾವಿಧಾನವೆಂದು ಅಂಗೀಕರಿಸಿತು. ಹೀಗೆ ಸೇವೆಯ ದಾರಿಯಲ್ಲಿ ಬಂದ ವಿದ್ಯೆಯಾದುದರಿಂದ ಇದನ್ನು ಹೊರಗಿನದೆಂದು ತಳ್ಳಬೇಕಾಗಿಲ್ಲ. ಬಂದವರ ಕುಲವನ್ನು ಕೇಳದೆ ಗುಣವನ್ನು ನೋಡುವುದು ಶರಣರ ಮಾರ್ಗ. ವಿದ್ಯೆಗೂ ಅದೇ ನ್ಯಾಯ.

ಇನ್ನು ಶಾಸ್ತ್ರವು ಹೇಳುವುದನ್ನು ನೋಡೋಣ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಆತ್ರೇಯ ಮಹರ್ಷಿಗೂ ಮೈತ್ರೇಯನಿಗೂ ಒಂದು ವಾದವು ನಡೆಯುತ್ತದೆ. ವೈದ್ಯ, ಔಷಧ, ಪರಿಚಾರಕ, ರೋಗಿ ಇವು ಚಿಕಿತ್ಸೆಯ ನಾಲ್ಕು ಪಾದಗಳೆಂದು ಆತ್ರೇಯನು ಹೇಳಿದಾಗ ಮೈತ್ರೇಯನು ಒಪ್ಪುವುದಿಲ್ಲ. ನಾಲ್ಕೂ ಪಾದಗಳು ಸರಿಯಾಗಿದ್ದವರಲ್ಲಿ ಕೆಲವರು ಬದುಕುವರು, ಕೆಲವರು ಸಾಯುವರು. ಯಾವ ಉಪಚಾರವೂ ಇಲ್ಲದವರಲ್ಲಿಯೂ ಹಾಗೆಯೇ ಕೆಲವರು ಬದುಕುವರು, ಕೆಲವರು ಸಾಯುವರು. ಹೀಗಿರುವಲ್ಲಿ ಚಿಕಿತ್ಸೆ ಮಾಡಿದರೂ ಒಂದೇ, ಬಿಟ್ಟರೂ ಒಂದೇ ಅಲ್ಲವೇ ಎಂದು ಅವನು ಕೇಳುವನು. ಇಂದಿಗೂ ಚಿಕಿತ್ಸೆ ಫಲಿಸದ ಮನೆಯಲ್ಲಿ ಕೇಳಿಬರುವ ಪ್ರಶ್ನೆಯು ಇದೇ. ಆತ್ರೇಯನು ಕೋಪಿಸಿಕೊಳ್ಳದೆ ಉತ್ತರ ಕೊಡುವನು. ಬಿದ್ದವನು ತಾನಾಗಿ ಏಳಲು ಶಕ್ತನಾಗಿದ್ದರೂ ಕೈಕೊಟ್ಟು ಎತ್ತಿದರೆ ಬೇಗನೆ, ಕಷ್ಟವಿಲ್ಲದೆ ಏಳುವನು. ಸಾಧ್ಯವಾದ ರೋಗದಲ್ಲಿ ಚಿಕಿತ್ಸೆಯ ಕೆಲಸವು ಅಂತಹುದು. ಆದರೆ ಎಲ್ಲ ರೋಗಗಳೂ ಸಾಧ್ಯವಾದವುಗಳಲ್ಲ. ಅಸಾಧ್ಯವನ್ನು ಸಾಧ್ಯವೆಂದು ಹೇಳಿ ಕೈಹಾಕಿದ ವೈದ್ಯನು ಧನವನ್ನೂ ವಿದ್ಯೆಯನ್ನೂ ಯಶಸ್ಸನ್ನೂ ಕಳೆದುಕೊಳ್ಳುವನು ಎಂಬುದು ಅವನ ನಿರ್ಣಯ.

ಅದೇ ಅಧ್ಯಾಯದಲ್ಲಿ ರೋಗಗಳನ್ನು ನಾಲ್ಕಾಗಿ ವಿಭಾಗಿಸಿದ್ದಾರೆ. ಸುಲಭವಾಗಿ ವಾಸಿಯಾಗುವುದು ಸುಖಸಾಧ್ಯ, ಪ್ರಯಾಸದಿಂದ ವಾಸಿಯಾಗುವುದು ಕೃಚ್ಛ್ರಸಾಧ್ಯ, ವಾಸಿಯಾಗದಿದ್ದರೂ ಉಪಚಾರದಿಂದ ತಡೆದು ನಿಲ್ಲಿಸಬಹುದಾದುದು ಯಾಪ್ಯ, ಕೈಬಿಡತಕ್ಕದ್ದು ಪ್ರತ್ಯಾಖ್ಯೇಯ. ಈ ನಾಲ್ಕರಲ್ಲಿ ಯಾಪ್ಯವೆಂಬುದನ್ನು ತಾವು ವಿಶೇಷವಾಗಿ ಗಮನಿಸಬೇಕು. ಬೀಳಲಿರುವ ಮನೆಗೆ ಸರಿಯಾಗಿ ಕೊಟ್ಟ ಆನಿಕೆಯ ಕಂಬವು ಹೇಗೋ ಯಾಪ್ಯದಲ್ಲಿ ಚಿಕಿತ್ಸೆಯೂ ಹಾಗೆ ಎಂದು ಸುಶ್ರುತನು ಹೋಲಿಸಿದ್ದಾನೆ. ಕಂಬವಿರುವವರೆಗೆ ಮನೆಯು ನಿಲ್ಲುವುದು, ಅದರೊಳಗೆ ಸಂಸಾರವೂ ನಡೆಯುವುದು. ಆದರೆ ಕಂಬವನ್ನು ಕೊಟ್ಟವನು ಗೋಡೆಯನ್ನು ಹೊಸದಾಗಿ ಕಟ್ಟಿಕೊಟ್ಟೆನೆಂದು ಹೇಳಬಾರದು; ಮನೆಯವರೂ ಹಾಗೆಂದು ತಿಳಿಯಬಾರದು. ಸೂಜಿ ಚಿಕಿತ್ಸೆಯನ್ನು ಹುಡುಕಿಕೊಂಡು ಬರುವ ಮಂಡಿನೋವು, ಸೊಂಟನೋವು, ಕುತ್ತಿಗೆನೋವುಗಳಲ್ಲಿ ಬಹುಭಾಗವು ಈ ಯಾಪ್ಯದ ಪಂಗಡಕ್ಕೆ ಸೇರಿದವು.

ಇದು ಹಳೆಯ ಶಾಸ್ತ್ರದ ಮಾತು. ಈ ಕಾಲದ ಪರೀಕ್ಷೆಯು ಏನು ಹೇಳುವುದೆಂದು ಕೇಳುವಿರಿ. ಜರ್ಮನಿ ದೇಶದಲ್ಲಿ ಬಹುಕಾಲದ ಸೊಂಟನೋವಿನಿಂದ ಬಳಲುತ್ತಿದ್ದ 1162 ಮಂದಿಯನ್ನು ಮೂರು ಗುಂಪುಗಳಾಗಿ ಮಾಡಿ ನಡೆಸಿದ ಒಂದು ಪರೀಕ್ಷೆಯ ಫಲವು 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಾಸ್ತ್ರೋಕ್ತ ಸ್ಥಾನಗಳಲ್ಲಿ ಸೂಜಿಯಿಟ್ಟರು. ಎರಡನೆಯ ಗುಂಪಿಗೆ ಆ ಸ್ಥಾನಗಳನ್ನು ಬಿಟ್ಟು ಬೇರೆ ಕಡೆಗಳಲ್ಲಿ ಮೇಲೆಮೇಲೆ ಚುಚ್ಚಿದರು. ಮೂರನೆಯ ಗುಂಪಿಗೆ ಮಾತ್ರೆ, ವ್ಯಾಯಾಮ ಮೊದಲಾದ ವಾಡಿಕೆಯ ಚಿಕಿತ್ಸೆಯನ್ನು ಕೊಟ್ಟರು. ಆರು ತಿಂಗಳ ತರುವಾಯ ನೋಡಲಾಗಿ, ಗಮನಾರ್ಹವಾದ ಉಪಶಮನವನ್ನು ಹೊಂದಿದವರು ಮೊದಲನೆಯದರಲ್ಲಿ ನೂರಕ್ಕೆ 47.6, ಎರಡನೆಯದರಲ್ಲಿ 44.2, ಮೂರನೆಯದರಲ್ಲಿ 27.4. ಈ ಮೂರು ಅಂಕಿಗಳಲ್ಲಿ ಮೂರು ಪಾಠಗಳಿವೆ. ಸೂಜಿಯಿಂದ ಅನೇಕರಿಗೆ ಹಿತವಾಯಿತೆಂಬುದು ಮೊದಲನೆಯ ಪಾಠ. ಅರ್ಧಕ್ಕಿಂತ ಹೆಚ್ಚು ಜನರಿಗೆ ಅಷ್ಟು ಹಿತವಾಗಲಿಲ್ಲವೆಂಬುದು ಎರಡನೆಯದು. ಸ್ಥಾನ ತಪ್ಪಿಸಿ ಚುಚ್ಚಿದರೂ ಬಹುಮಟ್ಟಿಗೆ ಅದೇ ಫಲವು ಬಂದಿತಾದುದರಿಂದ, ಉಪಚಾರ, ನಂಬಿಕೆ, ನಿರೀಕ್ಷೆ ಇವುಗಳಿಗೂ ಆ ಫಲದಲ್ಲಿ ದೊಡ್ಡ ಪಾಲಿದೆಯೆಂಬುದು ಮೂರನೆಯದು. ನಂಬಿಕೆಗೆ ಇಷ್ಟು ಬಲವಿರುವುದಾದರೆ ಸುಳ್ಳಾದರೂ ಹೇಳಿ ನಂಬಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಸುಳ್ಳಿನಿಂದ ಹುಟ್ಟಿದ ನಂಬಿಕೆಯು ಮೊದಲನೆಯ ಸೋಲಿನಲ್ಲಿಯೇ ಮುರಿಯುವುದು; ಆಮೇಲೆ ಆ ರೋಗಿಯು ಸತ್ಯವನ್ನು ಹೇಳುವ ವೈದ್ಯನನ್ನೂ ನಂಬಲಾರನು. ಇದೇ ನನ್ನ ಉತ್ತರ.

ಈ ವಿಚಾರವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಏತಕ್ಕೆ ಹೆಚ್ಚಾಗಿ ಅನ್ವಯಿಸುವುದೆಂಬುದನ್ನು ಈಗ ಹೇಳುವೆನು. ನಂದಿಯ ಬೆಟ್ಟಸಾಲಿನ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಪಘ್ನಿ, ಚಿತ್ರಾವತಿಗಳು ಹುಟ್ಟುವುವಾದರೂ ವರ್ಷವೆಲ್ಲ ಹರಿಯುವ ಒಂದು ಹೊಳೆಯೂ ನಮಗಿಲ್ಲ. ಹಿಂದೆ ಕೆರೆಯೂ ತೆರೆದ ಬಾವಿಯೂ ಊರನ್ನು ಸಾಕುತ್ತಿದ್ದವು. ಕೆರೆಗಳು ಹೂಳು ತುಂಬಿ, ಬಾವಿಗಳು ಬತ್ತಿದ ಮೇಲೆ ಸಾವಿರ ಅಡಿಗೂ ಕೆಳಗೆ ಕೊಳವೆ ಬಾವಿಗಳನ್ನು ಇಳಿಸಿದೆವು. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ಆ ನೀರಿನಲ್ಲಿ ಕಲ್ಲಿನೊಳಗಣ ಫ್ಲೋರೈಡ್ ಎಂಬ ಅಂಶವು ಕರಗಿರುವುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರು ದೊರೆಯದಿದ್ದಲ್ಲಿ 1.5ರವರೆಗೆ ಸಹಿಸಬಹುದು ಎಂಬುದು ಭಾರತದ ಮಾನಕಸಂಸ್ಥೆಯ ಕಟ್ಟಳೆ. ನಮ್ಮ ಸೀಮೆಯ ಎಷ್ಟೋ ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಈ ಮೇರೆಯು ಮೀರಿಹೋಗಿದೆ.

ಅಂತಹ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಆಗುವುದೇನು? ಎಳೆಯ ಮಕ್ಕಳ ಹುಟ್ಟಲಿರುವ ಹಲ್ಲುಗಳಲ್ಲಿ ಮೊದಲು ಕಲೆಗಳು ಮೂಡುವುವು. ದೊಡ್ಡವರಲ್ಲಿ ಎಲುಬು ಗಟ್ಟಿಗೊಂಡು, ಸಂಧಿಗಳ ಸುತ್ತಲಿನ ಕಟ್ಟುಗಳು ಸುಣ್ಣಗಟ್ಟಿ, ಕುತ್ತಿಗೆಯೂ ಬೆನ್ನೂ ಬಾಗದಂತಾಗುವುವು. ನಮ್ಮ ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ದಾಟಿ ಆಂಧ್ರದೇಶದಲ್ಲಿ ಹರಿದು ನೆಲ್ಲೂರು ಸೀಮೆಯಲ್ಲಿ ಸಮುದ್ರವನ್ನು ಸೇರುವುದಷ್ಟೆ. ಭಾರತದಲ್ಲಿ ಈ ರೋಗವನ್ನು ಮನುಷ್ಯರಲ್ಲಿ ಮೊದಲು ಗುರುತಿಸಿ 1937ರಲ್ಲಿ ಬರೆದ ಷಾರ್ಟ್ ಮೊದಲಾದ ವೈದ್ಯರು ಅದನ್ನು ಕಂಡದ್ದು ಆ ನೆಲ್ಲೂರು ಜಿಲ್ಲೆಯಲ್ಲಿಯೇ. ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿಸಲು ಕೊರಳನ್ನು ಬಾಗಿಸಲಾರದ, ಗುರುವಿನ ಮುಂದೆ ಸಾಷ್ಟಾಂಗ ಎರಗಲಾರದ ಭಕ್ತನ ಸಂಕಟವನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂತಹವರು ಸೂಜಿ ಚಿಕಿತ್ಸೆಗೆ ಬರುವರು. ಬೆನ್ನುನೋವು ಎನ್ನುವರು, ವಾಯುವೆನ್ನುವರು. ಸೂಜಿಯಿಟ್ಟರೆ ಕೆಲವರಿಗೆ ಕೆಲವು ದಿನಗಳ ಮಟ್ಟಿಗೆ ನೋವು ಇಳಿಯಬಹುದು. ಆದರೆ ಸುಣ್ಣಗಟ್ಟಿದ ಕಟ್ಟನ್ನು ಸೂಜಿಯು ಸಡಿಲಿಸಲಾರದು. ಹಾಗೆ ಸಡಿಲಿಸುವ ಔಷಧವು ಯಾವ ಪದ್ಧತಿಯಲ್ಲಿಯೂ ಇದುವರೆಗೆ ಇಲ್ಲ. ರೋಗಿಯು ಮನೆಗೆ ಹೋಗಿ ಅದೇ ನೀರನ್ನು ಕುಡಿಯುವನು. ಮತ್ತೆ ಬರುವನು, ಮತ್ತೆ ಹಣ ಕೊಡುವನು. ಇಲ್ಲಿ ಚಿಕಿತ್ಸೆಯು ಸೋತದ್ದು ಸೂಜಿಯಿಂದಲ್ಲ, ಕಾರಣವು ಬಾವಿಯಲ್ಲಿದ್ದುದರಿಂದ. ಆದುದರಿಂದ ಈ ಸೀಮೆಯ ವೈದ್ಯನು ನಾಡಿಯನ್ನು ನೋಡುವುದಕ್ಕೆ ಮುಂಚೆ "ನಿಮ್ಮೂರಲ್ಲಿ ಕುಡಿಯುವ ನೀರು ಯಾವುದು ತಾಯೀ?" ಎಂದು ಕೇಳತಕ್ಕದ್ದು. ಗದ್ದವನ್ನು ಎದೆಗೆ ಮುಟ್ಟಿಸಲು, ಮೊಣಕಾಲು ಮಡಿಸದೆ ನೆಲದ ಮೇಲಿನ ನಾಣ್ಯವನ್ನು ಎತ್ತಲು, ಕೈಗಳನ್ನು ಎತ್ತಿ ತಲೆಯ ಹಿಂಬದಿಯನ್ನು ಮುಟ್ಟಲು ಹೇಳಿ ನೋಡತಕ್ಕದ್ದು. ಇವು ಆಗದಿದ್ದರೆ ಸರ್ಕಾರಿ ಆಸ್ಪತ್ರೆಗೆ ಕಳುಹಿಸಿ ಮುಂಗೈಯ ಎಕ್ಸ್‌ರೇಯನ್ನೂ ಮೂತ್ರದ ಪರೀಕ್ಷೆಯನ್ನೂ ಮಾಡಿಸತಕ್ಕದ್ದು. ನೀರನ್ನು ಬದಲಿಸಿದರೆ ಹೊಟ್ಟೆಯ ಬಾಧೆಗಳು ಕೆಲವು ವಾರಗಳಲ್ಲಿಯೇ ಕಡಿಮೆಯಾಗಬಹುದು, ಎಲುಬಿನ ರೋಗವು ಹೆಚ್ಚುವುದು ತಗ್ಗಬಹುದು, ಮಕ್ಕಳ ಹಲ್ಲೂ ಎಲುಬೂ ಉಳಿಯುವುವು. ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗುವುದೆಂದು ಅನೇಕರು ತಿಳಿದಿರುವರು, ಅದು ತಪ್ಪು. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದರ ಅಂಶವು ಹೆಚ್ಚುವುದು. ಮಳೆಯ ನೀರನ್ನು ಶುಚಿಯಾಗಿ ಹಿಡಿದು ಬಳಸುವುದೂ, ಊರಿನ ಶುದ್ಧ ನೀರಿನ ಘಟಕವನ್ನು ಕೆಡದಂತೆ ನೋಡಿಕೊಳ್ಳುವುದೂ ಇದಕ್ಕೆ ತಕ್ಕ ಉಪಾಯಗಳು.

ಶಿಡ್ಲಘಟ್ಟದಲ್ಲಿ ರೇಷ್ಮೆಯ ನೂಲು ಬಿಚ್ಚುವ ತಾಯಂದಿರ ವಿಷಯವೂ ಹೀಗೆಯೇ. ಗೂಡು ಬೇಯಿಸಿದ ಬಿಸಿನೀರಿನಲ್ಲಿ ದಿನವೆಲ್ಲ ಕೈಯಾಡಿಸುವ ಅವರ ಮಣಿಕಟ್ಟು, ಹೆಗಲುಗಳ ನೋವಿಗೆ ಕಾರಣವು ಕಾಯಕದಲ್ಲಿದೆ. ಕಾಯಕವನ್ನು ಬಿಡಿರೆಂದು ಹೇಳಿದರೆ ಒಲೆಯು ಹೊತ್ತುವುದಿಲ್ಲ. ಆದುದರಿಂದ ಅವರಿಗೆ ಕೊಡತಕ್ಕ ಭರವಸೆಯು ಇಷ್ಟೇ: "ನೋವು ತಗ್ಗಬಹುದು, ಕೆಲಸ ಸಾಗಬಹುದು, ಕೈಗೆ ನಡುನಡುವೆ ಬಿಡುವು ಕೊಡದಿದ್ದರೆ ಮರಳಿ ಬರುವುದು."

ಹಾಗಾದರೆ ಮೊದಲನೆಯ ಸೂಜಿಗೆ ಮುಂಚೆ ವೈದ್ಯನು ಆಡತಕ್ಕ ಮಾತುಗಳು ಯಾವುವು? ಈ ರೋಗವು ನಾಲ್ಕರಲ್ಲಿ ಯಾವ ಪಂಗಡದ್ದೆಂಬುದನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಮೊದಲು ಹೇಳತಕ್ಕದ್ದು. ಎಷ್ಟು ಸಲ ಸೂಜಿಯಿಟ್ಟು ನೋಡುವುದು, ಏನನ್ನು ಕಂಡರೆ ಗುಣವೆಂದು ಎಣಿಸುವುದು ಎಂಬುದನ್ನು ಆಮೇಲೆ ಗೊತ್ತುಮಾಡತಕ್ಕದ್ದು. ಇಂದು ಹೊಲದ ಬದುವಿನವರೆಗೆ ನಡೆಯಬಲ್ಲವನು ಆರು ಸಲವಾದ ಮೇಲೆ ಎಲ್ಲಿಯವರೆಗೆ ನಡೆಯಬಲ್ಲನು? ಹೆಚ್ಚು ನಡೆಯಲಾರದೆ ಹೋದರೆ ಅಲ್ಲಿಗೆ ನಿಲ್ಲಿಸಿ ಬೇರೆ ದಾರಿಯನ್ನು ನೋಡುವುದೆಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು. ಹೀಗೆ ಅಳತೆಗೋಲನ್ನು ಮುಂಚಿತವಾಗಿ ನೆಟ್ಟರೆ ಸೋಲು ಬಂದಾಗ ಜಗಳಕ್ಕೆ ಎಡೆಯಿರುವುದಿಲ್ಲ. ಹತ್ತಿಪ್ಪತ್ತು ಸಲದ ಹಣವನ್ನು ಮುಂಗಡವಾಗಿ ತೆಗೆದುಕೊಳ್ಳುವ ರೂಢಿಯು ಈ ಕಾರಣದಿಂದಲೇ ಯುಕ್ತವಲ್ಲ. ಹಣವು ಕೈಸೇರಿದ ಮೇಲೆ ನಿಲ್ಲಿಸೆಂದು ಹೇಳುವುದಕ್ಕೆ ನಾಲಗೆಯು ಏಳದು. ಕೊನೆಯದಾಗಿ ಅಪಾಯಗಳನ್ನೂ ತಿಳಿಸತಕ್ಕದ್ದು. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ರಕ್ತದ ಮೂಲಕ ಕಾಮಾಲೆ ಮೊದಲಾದ ರೋಗಗಳು ಅಂಟುವುವು. ಎದೆಯ ಮೇಲೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ಗಾಯವಾಗಬಹುದು. ಅಶ್ಮರಿಯ ಶಸ್ತ್ರಚಿಕಿತ್ಸೆಯಲ್ಲಿ ಫಲವು ಸಂಶಯವಾದುದರಿಂದ ಒಡೆಯನ ಅನುಮತಿಯನ್ನು ಪಡೆದೇ ಕೈಹಾಕಬೇಕೆಂದು ಸುಶ್ರುತನು ವಿಧಿಸಿರುವಾಗ, ಸೂಜಿ ಸಣ್ಣದೆಂದು ಈ ಧರ್ಮವನ್ನು ಬಿಡಲಾಗದು.

ಕೆಲವೆಡೆ ಸೂಜಿಗಾಗಿ ಕಾಯುವುದೇ ಹಾನಿ. ಲಕ್ವ ಹೊಡೆದ ಮೊದಲ ಗಳಿಗೆಯಲ್ಲಿ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಟ್ಟರೆ ಮಾತ್ರ ಉಪಯೋಗಕ್ಕೆ ಬರುವುದು. ಸೊಂಟನೋವಿನ ಸಂಗಡ ಜ್ವರ, ಮೈ ಇಳಿತ, ಕಾಲಿನ ಬಲಹೀನತೆ, ಮೂತ್ರದ ತಡೆ ಇವು ಕಂಡರೆ ಬೆನ್ನೆಲುಬಿನ ಕ್ಷಯವೋ ಮತ್ತಾವ ದೊಡ್ಡ ರೋಗವೋ ಇರಬಹುದು. ಕ್ಷಯಕ್ಕೆ ವಾಸಿಮಾಡುವ ಔಷಧವಿದೆ. ಸುಖಸಾಧ್ಯವಾಗಬಹುದಾದುದನ್ನು ತಡಮಾಡಿ ಅಸಾಧ್ಯಮಾಡಿದ ಪಾಪವು ವೈದ್ಯನಿಗೆ ಬರಬಾರದು. ಸಕ್ಕರೆ ಕಾಯಿಲೆಯ, ಮೂರ್ಛೆರೋಗದ ಮಾತ್ರೆಗಳನ್ನು ಬಿಟ್ಟು ಬಾ ಎಂದು ಯಾವ ಸೂಜಿಯ ವೈದ್ಯನೂ ಹೇಳಕೂಡದು.

ಗೆಲುವಿನಲ್ಲಿಯೂ ಸತ್ಯವು ಬೇಕೆಂಬುದನ್ನು ಮರೆಯಬಾರದು. ಮುಖದ ಒಂದು ಪಾರ್ಶ್ವ ಸೋಲುವ ವಾತದಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಹತ್ತರಲ್ಲಿ ಏಳು ಮಂದಿಯಷ್ಟು ಪೂರ್ತಿಯಾಗಿ ಸುಧಾರಿಸುವರು. ಅವರೆಲ್ಲರನ್ನೂ ತನ್ನ ಸೂಜಿಯೇ ಗುಣಪಡಿಸಿತೆಂದು ಹೇಳಿಕೊಳ್ಳುವವನು ಉಳಿದ ಮೂವರಿಗೆ ಏನು ಉತ್ತರ ಹೇಳುವನು? ತನ್ನದಲ್ಲದ ಗೆಲುವನ್ನು ಬಿಟ್ಟುಕೊಟ್ಟವನಿಗೆ ತನ್ನದಾದ ಸೋಲನ್ನು ಹೇಳುವ ಧೈರ್ಯವು ತಾನಾಗಿ ಬರುವುದು.

ಸೋತ ದಿವಸ ವೈದ್ಯನು ರೋಗಿಯನ್ನು ದೂಷಿಸಬಾರದು. ಪಥ್ಯ ಮುರಿದೆ, ನಂಬಿಕೆ ಸಾಲದು, ಕರ್ಮಫಲ ಎಂಬ ಮಾತುಗಳು ನೊಂದವರನ್ನು ಎರಡನೆಯ ಸಲ ನೋಯಿಸುವುವು. "ಇದರಿಂದ ನಿಮಗೆ ಪ್ರಯೋಜನ ಕಾಣಲಿಲ್ಲ, ಇನ್ನು ಇಂತಹ ಕಡೆಗೆ ಹೋಗಿರಿ, ಅಲ್ಲಿ ಏನಾಯಿತೆಂದು ನನಗೂ ತಿಳಿಸಿರಿ" ಎಂದು ಹೇಳಿ ಚೀಟಿ ಬರೆದುಕೊಡುವುದು ಉತ್ತಮ ವೈದ್ಯನ ಲಕ್ಷಣ. ವಾಸಿಮಾಡಲಾರದ ಕಡೆಯೂ ಸಂತೈಸುವುದು ಉಳಿದಿದೆ. ಆರ್ತರಲ್ಲಿ ಕರುಣೆಯಿರಬೇಕೆಂಬುದನ್ನು ಚರಕನು ವೈದ್ಯವೃತ್ತಿಯಲ್ಲಿಯೇ ಸೇರಿಸಿದ್ದಾನೆ.

ರೋಗಿಗೂ ಧರ್ಮವುಂಟು. ನೆನಪಿಟ್ಟು ಹೇಳುವುದು, ಹೇಳಿದಂತೆ ನಡೆಯುವುದು, ಅಂಜದಿರುವುದು, ತನ್ನ ಬಾಧೆಯನ್ನು ಮುಚ್ಚಿಡದೆ ತಿಳಿಸುವುದು ಎಂಬ ನಾಲ್ಕು ಗುಣಗಳನ್ನು ಚರಕನು ರೋಗಿಗೆ ವಿಧಿಸಿರುವನು. ತಾನು ನುಂಗುತ್ತಿರುವ ಇತರ ಮಾತ್ರೆಗಳನ್ನು, ಮುಖ್ಯವಾಗಿ ರಕ್ತ ತಿಳಿಯಾಗಿಸುವ ಮಾತ್ರೆಯನ್ನು, ಸಂಕೋಚದಿಂದ ಮರೆಮಾಚುವವನು ತನಗೆ ತಾನೇ ಕೇಡು ಮಾಡಿಕೊಳ್ಳುವನು. ಆಸ್ಪತ್ರೆ, ನಾಟಿ ಔಷಧ, ಸೂಜಿ, ಹರಕೆ ಇವೆಲ್ಲವನ್ನೂ ಒಂದೇ ವಾರದಲ್ಲಿ ಮಾಡಿ, ಯಾವುದರಿಂದ ಏನಾಯಿತೆಂದು ತಿಳಿಯದೆ ತೊಳಲುವುದೂ ಸಲ್ಲದು.

ಕೊನೆಯದಾಗಿ ಶ್ರೀಮಠದ ಭಕ್ತರಾದ ನಮ್ಮ ಕರ್ತವ್ಯವನ್ನು ನೆನೆಯೋಣ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೈದ್ಯ ಸಂಗಣ್ಣನೆಂಬವನು ವೈದ್ಯವನ್ನೇ ಕಾಯಕವಾಗಿ ಕೈಕೊಂಡಿದ್ದನು. ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದರು. ರೋಗಕ್ಕೆ ಔಷಧವೂ ಊರಿಗೆ ನೀರೂ ಎರಡೂ ಶಿವಪೂಜೆಯೇ ಎಂಬುದಕ್ಕೆ ಬೇರೆ ಪ್ರಮಾಣವು ಬೇಕಾಗಿಲ್ಲ. ನಮ್ಮಲ್ಲಿ ನೀರು ಬರಿಯ ನೀರಲ್ಲ, ಅದು ಪಾದೋದಕವಾಗತಕ್ಕದ್ದು. ದಾಸೋಹದ ಪಂಕ್ತಿಯಲ್ಲಿ ಮೊದಲು ಬಡಿಸತಕ್ಕದ್ದು. ಆ ನೀರೇ ಭಕ್ತನ ಬೆನ್ನನ್ನು ಬಿಗಿಯುವಂತಾಗಬಾರದು. ಆದುದರಿಂದ ಈ ಮಹೋತ್ಸವದ ನೆನಪಿಗಾಗಿ ನಾಲ್ಕು ತಾಲ್ಲೂಕಿನ ಭಕ್ತರೂ ತಂತಮ್ಮ ಊರಿನ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ, ಅದರ ಅಂಕಿಯನ್ನು ಊರಿನ ಗುಡಿಯ, ಮಠದ, ಶಾಲೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಬೇಕೆಂದು ಬಿನ್ನವಿಸಿಕೊಳ್ಳುತ್ತೇನೆ. ದಾಸೋಹಕ್ಕೆ ಅಕ್ಕಿಬೇಳೆಯನ್ನು ಕಾಣಿಕೆ ಕೊಡುವಂತೆ ಮಳೆನೀರಿನ ತೊಟ್ಟಿಯನ್ನು ಕಟ್ಟಿಸಿಕೊಡುವುದೂ ಕಾಣಿಕೆಯೇ.

ವೈದ್ಯಮಹಾಶಯರಲ್ಲಿ ನನ್ನ ಪ್ರಾರ್ಥನೆ ಒಂದೇ. ಕೈಯಲ್ಲಿರುವ ಸೂಜಿಯು ಎಷ್ಟು ಶುಚಿಯೋ ಬಾಯಲ್ಲಿ ಬರುವ ಮಾತೂ ಅಷ್ಟೇ ಶುಚಿಯಾಗಿರಲಿ. ಆಗುವುದನ್ನು ಆಗುವುದೆಂದೂ ಆಗದುದನ್ನು ಆಗದೆಂದೂ ಮೃದುವಾಗಿ ಹೇಳುವ ಶಕ್ತಿಯನ್ನು ವೈದ್ಯನಾಥನಾದ ಪರಶಿವನು ತಮಗೆ ಕರುಣಿಸಲಿ. ಅದನ್ನು ಕೇಳುವ ಸ್ಥೈರ್ಯವನ್ನು ರೋಗಿಗಳಿಗೆ ಕೊಡಲಿ.